ಪಾತ್ರೆಯ ತೂಕ

ಗ್ರಾಮಣ್ಣನಿಗೆ ಆ ಹೆಸರು ಬಂದದ್ದು ಯಾವ ಗ್ರಾಮದಿಂದಲೂ ಅಲ್ಲ, ಗ್ರಾಂನಿಂದ. ಅಂಗಡಿಗಳ ತಕ್ಕಡಿ ರಿಪೇರಿ ಅವನ ಕಸುಬು. ತಕ್ಕಡಿ ಒಂದು ಗ್ರಾಂ ಹೆಚ್ಚು ತೋರಿಸಿದರೂ ಜಗಳ, ಒಂದು ಗ್ರಾಂ ಕಡಿಮೆ ತೋರಿಸಿದರೂ ಜಗಳ. ಒಂದು ಗ್ರಾಮಿನಲ್ಲಿ ಏನು ಮಹಾ ಹೋಗುತ್ತೆ ಎಂದ ಅಂಗಡಿಯವನಿಗೆ ಅರ್ಧ ಗಂಟೆ ಪಾಠ ಹೇಳಿ, ಅವನ ಖರ್ಚಿನಲ್ಲೇ ಚಹಾ ಕುಡಿದು ಎದ್ದು ಬರುವ ಆಸಾಮಿ. ಮಾರುಕಟ್ಟೆಗೆ ಹೊಸದಾಗಿ ಬಂದವರು ಹೆಸರು ಕೇಳಿ, ಪಾಪ, ಹಳ್ಳಿ ಕಡೆಯವನಿರಬೇಕು ಎಂದುಕೊಳ್ಳುತ್ತಿದ್ದರು. ಅವನು ತಿದ್ದಲು ಹೋಗುತ್ತಿರಲಿಲ್ಲ. ತಕ್ಕಡಿ ತಿದ್ದುವವನು ಜನರನ್ನೂ ತಿದ್ದುತ್ತ ಕೂತರೆ ಹೊಟ್ಟೆ ತುಂಬುವುದಿಲ್ಲ.

ಅವನ ಅಂಗಡಿ ಎಂದರೆ ಒಂದೇ ಬಾಗಿಲಿನ ಕೋಣೆ. ಗೋಡೆಗೆ ನೇತುಹಾಕಿದ ತಟ್ಟೆಗಳು, ಮೇಜಿನ ತುಂಬ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಎಲೆಕ್ಟ್ರಾನಿಕ್ ತಕ್ಕಡಿಗಳು, ಮೂಲೆಯಲ್ಲಿ ಮಖಮಲ್ಲು ಹಾಸಿದ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಪರೀಕ್ಷೆಗೆಂದೇ ಇಟ್ಟ ಹಿತ್ತಾಳೆಯ ತೂಕದ ಬಟ್ಟುಗಳು. ಅವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಜಿಡ್ಡಿಗೂ ತೂಕವಿದೆ ಎನ್ನುವವನು. ಅವನಿಗೆ ಆಗದ ಮಾತು ಒಂದೇ, ಅಂದಾಜು. ಯಾರಾದರೂ ಅಂದಾಜು ಇಷ್ಟಿರಬಹುದು ಎಂದರೆ ಅವನ ಮುಖ ಹರಳೆಣ್ಣೆ ಕುಡಿದವರ ಹಾಗಾಗುತ್ತಿತ್ತು.

ಇಂಥ ಮನುಷ್ಯ ಎರಡು ವರ್ಷ ಸುಳ್ಳು ತೂಗಿದ. ಶುರುವಾದದ್ದು ಸೊಂಟದಿಂದ. ವ್ಯಾನಿನಿಂದ ಇಪ್ಪತ್ತು ಕಿಲೋದ ಕಬ್ಬಿಣದ ಬಟ್ಟು ಇಳಿಸುವಾಗ ಸೊಂಟ ಹಿಡಿದುಕೊಂಡಿತು. ಒಬ್ಬ ಡಾಕ್ಟರು ಹತ್ತು ದಿನಕ್ಕೆಂದು ಬಲವಾದ ನೋವಿನ ಮಾತ್ರೆ ಬರೆದುಕೊಟ್ಟರು. ಹತ್ತು ದಿನ ಮುಗಿಯುವಷ್ಟರಲ್ಲಿ ಸೊಂಟ ನೆಟ್ಟಗಾಗಿತ್ತು, ಗ್ರಾಮಣ್ಣ ಸೊಟ್ಟಗಾಗಿದ್ದ. ಮಾತ್ರೆ ಇಲ್ಲದ ದಿನ ಮೈಮೇಲೆಲ್ಲ ಇರುವೆ ಹರಿದಂತೆ, ಮೂಗಿನಲ್ಲಿ ನೀರು, ಕಂಡಕಂಡವರ ಮೇಲೆ ಸಿಟ್ಟು. ಆ ಡಾಕ್ಟರು ಕೊಡದಿದ್ದರೆ ಇನ್ನೊಬ್ಬರು, ಅವರೂ ಕೊಡದಿದ್ದರೆ ಪಕ್ಕದ ಬಡಾವಣೆಯವರು. ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ನೋವು ಒಂದರಿಂದ ಹತ್ತರಲ್ಲಿ ಎಷ್ಟು? ಎರಡಿದ್ದರೂ ಹತ್ತು ಎನ್ನುತ್ತಿದ್ದ. ಹತ್ತು ಅಂದರೆ ಬರೆದುಕೊಡುತ್ತಾರೆ ಎಂದು ಗೊತ್ತಿತ್ತು.

ಡಾಕ್ಟರುಗಳೆಲ್ಲ ಮುಗಿದ ಮೇಲೆ ಅವನ ಕಣ್ಣು ಅತ್ತೆಯ ಡಬ್ಬಿಯ ಮೇಲೆ ಬಿತ್ತು. ಹೆಂಡತಿಯ ತಾಯಿ ಹಿಂದಿನ ಬೀದಿಯಲ್ಲೇ ಇದ್ದರು, ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಮೊಣಕಾಲು ಸವೆಸಿಕೊಂಡವರು. ಆಗಷ್ಟೇ ಆಪರೇಷನ್ ಆಗಿತ್ತು. ದಿನಾ ಹೋಗಿ ಕಾಲು ಹೇಗಿದೆ ಅತ್ತೆ ಎಂದು ವಿಚಾರಿಸುವ ಅಳಿಯನನ್ನು ಕಂಡು ನೆರೆಹೊರೆಯವರು ಹೊಟ್ಟೆಕಿಚ್ಚು ಪಟ್ಟರು. ಅಳಿಯ ಮಾಡುತ್ತಿದ್ದದ್ದೇನೆಂದರೆ, ಡಬ್ಬಿಯಲ್ಲಿದ್ದ ನೋವಿನ ಮಾತ್ರೆ ತೆಗೆದುಕೊಂಡು ಅಷ್ಟೇ ಗಾತ್ರದ, ಅಷ್ಟೇ ಬಿಳಿಯ ಶಕ್ತಿ ಮಾತ್ರೆ ತುಂಬಿಡುವುದು. ಎರಡು ತಿಂಗಳು ಆಕೆ ಶಕ್ತಿ ಮಾತ್ರೆ ನುಂಗಿ, ಮೊಣಕಾಲು ಹಿಡಿದುಕೊಂಡು ಅತ್ತರು. ಡಾಕ್ಟರು ಕಾಲು ಚೆನ್ನಾಗೇ ಕೂಡಿಕೊಂಡಿದೆ ಎಂದರು. ಹಾಗಾದರೆ ನನ್ನ ತಲೆಯೇ ಕೆಟ್ಟಿರಬೇಕು ಎಂದುಕೊಂಡು ಆಕೆ ಯಾರಿಗೂ ಹೇಳುವುದನ್ನೇ ಬಿಟ್ಟರು.

ಸಿಕ್ಕಿಬಿದ್ದದ್ದು, ಚಟ ಬಿಡಿಸುವ ಕೇಂದ್ರದಲ್ಲಿ ಆರು ವಾರ ಇದ್ದದ್ದು, ಚಟ ಬಿಟ್ಟು ಮನೆಗೆ ಬಂದದ್ದು, ಎಲ್ಲ ಆಗಿ ಈಗ ಒಂದು ವರ್ಷ ಎಂಟು ತಿಂಗಳು. ಹೆಂಡತಿ ಕ್ಷಮಿಸಿದಳು, ಅಥವಾ ಕ್ಷಮಿಸಿದ ಹಾಗೆ ಇದ್ದಳು. ಅತ್ತೆ ಮಾತ್ರ ಅವನ ಜೊತೆ ಮಾತು ಬಿಟ್ಟರು. ಪೂರ್ತಿ ಬಿಟ್ಟರೆ ಮಗಳ ಸಂಸಾರ ನಡೆಯಬೇಕಲ್ಲ, ಅದಕ್ಕೆ ಒಂದು ಉಪಾಯ ಮಾಡಿಕೊಂಡರು. ಮೊದಲು ಬಾಯಿ ತುಂಬ ಅಳಿಯಂದ್ರೇ ಎನ್ನುತ್ತಿದ್ದವರು ಈಗ ಮಗಳ ಮೂಲಕ ಕೇಳಿಸುತ್ತಿದ್ದರು, ಅವರಿಗೆ ಊಟ ಆಯ್ತಾ ಕೇಳು ಎಂದು. ಮಗಳು ಮನೆಯಲ್ಲಿ ಇಲ್ಲದಾಗ ಗೋಡೆಯ ಗಡಿಯಾರಕ್ಕೆ ಹೇಳುತ್ತಿದ್ದರು. ಗ್ರಾಮಣ್ಣನೂ ಗಡಿಯಾರಕ್ಕೇ ಉತ್ತರ ಕೊಟ್ಟು ಅಭ್ಯಾಸ ಮಾಡಿಕೊಂಡಿದ್ದ.

ಹೀಗಿರುವಾಗ ಕೈ ಮುರಿಯಿತು. ಹಿಟ್ಟಿನ ಗೋದಾಮೊಂದರಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಹಟ ಹಿಡಿದಿತ್ತು. ಅದರ ಕಬ್ಬಿಣದ ಹಾಸನ್ನು ಎತ್ತಿ, ಕೆಳಗೆ ಮರದ ತುಂಡು ಕೊಟ್ಟು, ಅವನು ಒಳಗೆ ಬಲಗೈ ಹಾಕಿ ತಂತಿ ತಡಕುತ್ತಿದ್ದ. ಮರದ ತುಂಡು ಜಾರಿತು. ಮುಂಗೈಯ ಎರಡೂ ಮೂಳೆ ಲಟಕ್ಕೆಂದವು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಮ್ಮ ಮೂಳೆ ಕೂಡಿಸಿ, ಮೊಣಕೈ ಮೇಲಿನವರೆಗೂ ಪ್ಲಾಸ್ಟರ್ ಹಾಕಿದರು. ಮಾತ್ರೆ ಬರೆಯಲು ಪೆನ್ನು ಎತ್ತಿದಾಗ ಗ್ರಾಮಣ್ಣ ತಾನೇ ಬಾಯಿಬಿಟ್ಟ, ನನಗೆ ನೋವಿನ ಮಾತ್ರೆಯ ಚಟ ಇತ್ತು, ಬಿಟ್ಟಿದೀನಿ ಎಂದ. ಪಕ್ಕದಲ್ಲಿದ್ದ ಹೆಂಡತಿ ಅವನ ಎಡ ಭುಜ ಒತ್ತಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಹೇಳಿದ್ದು ಒಳ್ಳೆಯದಾಯಿತು ಎಂದು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಂಡರು. ಆಮೇಲೆ ವ್ಯವಸ್ಥೆ ಹೇಳಿದರು. ಜ್ವರಕ್ಕೆ ನುಂಗುವ ಸಾದಾ ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಕೈ ದಿಂಬಿನ ಮೇಲೆ ಎತ್ತರದಲ್ಲಿರಬೇಕು. ಬಲವಾದ ಮಾತ್ರೆ ನಾಲ್ಕೇ ನಾಲ್ಕು ಕೊಡುತ್ತೇನೆ, ಅದು ಇವರ ಕೈಯಲ್ಲಿರಬಾರದು, ನೋವು ಏಳು ದಾಟಿದರೆ ಮಾತ್ರ ಒಂದು ಕೊಟ್ಟು ನಮಗೆ ಫೋನ್ ಮಾಡಿ. ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ನೋವು ಏರುತ್ತಲೇ ಹೋದರೆ ಒಂದು ನಿಮಿಷವೂ ಕಾಯಬೇಡಿ ಎಂದರು. ಗ್ರಾಮಣ್ಣನ ಕಿವಿಗೆ ಹೊಕ್ಕದ್ದು ಏಳು ಎಂಬುದೊಂದೇ.

ನಾಲ್ಕು ಮಾತ್ರೆ ಯಾರ ಬಳಿ ಇರಬೇಕು ಎಂದಾಗ ಹೆಂಡತಿ ಯೋಚಿಸಲೇ ಇಲ್ಲ, ಅಮ್ಮನ ಹತ್ತಿರ ಎಂದಳು. ಅವಳು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ, ಪರೀಕ್ಷೆಯ ಸಮಯ, ರಜೆ ಸಿಗುವಂತಿರಲಿಲ್ಲ. ಅಲ್ಲದೆ ಒಮ್ಮೆ ಕಳೆದುಕೊಂಡವರಿಗಿಂತ ಒಳ್ಳೆಯ ಕಾವಲು ಯಾರು ಕಾಯುತ್ತಾರೆ? ಅತ್ತೆ ಆ ನಾಲ್ಕನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಚೀಲದಲ್ಲಿ ಹಾಕಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಮರುದಿನ ಬೆಳಗ್ಗೆ ಮಗಳ ಮನೆಯಲ್ಲಿ ಬಂದು ಕೂತರು. ಬಚ್ಚಲಿಗೆ ಹೋಗುವಾಗಲೂ ಚೀಲ ಜೊತೆಗೇ ಹೋಯಿತು.

ಆ ಬೆಳಗ್ಗೆ ಗ್ರಾಮಣ್ಣ ಎದ್ದದ್ದೇ ಗೊಂದಲದಲ್ಲಿ. ಕೈ ನೋಯುತ್ತಿತ್ತು. ಮುರಿದ ಕೈ ನೋಯದೆ ಇನ್ನೇನು ಮಾಡುತ್ತದೆ, ಸರಿ. ಆದರೆ ಈ ನೋವು ಮುರಿದ ಜಾಗದಲ್ಲಷ್ಟೇ ಇರಲಿಲ್ಲ. ಒಳಗೆಲ್ಲೋ ಏನೋ ಉಬ್ಬುತ್ತಿದ್ದ ಹಾಗೆ, ಪ್ಲಾಸ್ಟರ್ ಗಂಟೆಗೊಂದು ಸುತ್ತು ಚಿಕ್ಕದಾಗುತ್ತಿದ್ದ ಹಾಗೆ ಇತ್ತು. ಇದು ಕೈಯದೇ ನೋವೋ, ಅಥವಾ ಆ ಹಳೆಯದೋ? ಕೇಂದ್ರದಲ್ಲಿದ್ದ ಸಲಹೆಗಾರರು ನೂರು ಸಲ ಹೇಳಿದ್ದರು, ಚಟಕ್ಕೆ ಬುದ್ಧಿ ಜಾಸ್ತಿ, ಅದು ನೋವಿನ ವೇಷ ಹಾಕಿಕೊಂಡೇ ಬಾಗಿಲು ತಟ್ಟುತ್ತದೆ, ತೆರೆದೀರಿ ಜೋಕೆ ಎಂದು. ಈಗ ಬಾಗಿಲು ತಟ್ಟುತ್ತಿದ್ದದ್ದಂತೂ ನಿಜ. ಯಾರು ಎಂದು ಹೇಗೆ ತಿಳಿಯುವುದು?

ಅವನು ಪರೀಕ್ಷೆ ಮಾಡಿ ನೋಡಿದ. ಅತ್ತೆಯ ತೊಡೆಯ ಮೇಲಿನ ಚೀಲ ನೋಡಿದ. ಬಾಯಲ್ಲಿ ನೀರು ಬಂತು, ಕೈ ಧಗ್ ಎಂದಿತು. ನೋಡಿದೆಯಾ, ಚಟವೇ ಇದು ಎಂದುಕೊಂಡ. ಕಿಟಕಿಯ ಕಡೆ ತಿರುಗಿ ಬೀದಿ ನೋಡಿದ. ಎದುರು ಮನೆಯ ಗೋಡೆಗೆ ಇಬ್ಬರು ಬಣ್ಣ ಬಳಿಯುತ್ತಿದ್ದರು. ಅವರನ್ನು ನೋಡುವಾಗಲೂ ಕೈ ಅಷ್ಟೇ ಧಗ್ ಎಂದಿತು. ಹಾಗಾದರೆ ಕೈಯದೇ. ಆದರೆ ಕಿಟಕಿ ನೋಡುವಾಗಲೂ ಮನಸ್ಸಿನಲ್ಲಿ ಇದ್ದದ್ದು ಚೀಲವೇ ಅಲ್ಲವೇ? ನೋವು ಬಂದದ್ದಕ್ಕೆ ಮಾತ್ರೆ ನೆನಪಾಯಿತೋ, ಮಾತ್ರೆ ನೆನಪಾದದ್ದಕ್ಕೆ ನೋವು ಬಂತೋ? ಎರಡರಲ್ಲಿ ಯಾವುದು ಮುಂದೆ ಯಾವುದು ಹಿಂದೆ ಎಂದು ಹಿಡಿಯಲು ಹೋಗಿ ಅವನ ತಲೆ ಗಿರ್ರೆಂದಿತು.

ಆಗ ಅವನಿಗೆ ತನ್ನ ಕಸುಬಿನ ಬುದ್ಧಿ ನೆನಪಿಗೆ ಬಂತು. ಬಾರದೇ ಇದ್ದಿದ್ದರೆ ಚೆನ್ನಾಗಿತ್ತು. ಎಣ್ಣೆ ತೂಗುವವರು ಮೊದಲು ಪಾತ್ರೆಯ ತೂಕ ನೋಡಿ ಅದನ್ನು ಕಳೆಯುತ್ತಾರೆ, ಉಳಿದದ್ದು ಎಣ್ಣೆ. ಹಾಗೆಯೇ ಒಟ್ಟು ನೋವಿನಲ್ಲಿ ಚಟದ ಪಾಲು ಕಳೆದುಬಿಟ್ಟರೆ ಉಳಿದದ್ದು ಕೈಯ ನೋವು. ಎಷ್ಟು ಸುಲಭ. ಈಗ ಒಟ್ಟು ಆರು ಇರಬಹುದು. ಚಟದ್ದು ನಾಲ್ಕು ಹಿಡಿಯೋಣ. ಉಳಿಯಿತು ಎರಡು.

ಹೆಂಡತಿ ಹೊರಡುವ ಮುಂಚೆ ಪೆನ್ಸಿಲು ಹಿಡಿದು ಕ್ಯಾಲೆಂಡರ್ ಮುಂದೆ ನಿಂತು ನೋವು ಎಷ್ಟೆಂದು ಕೇಳಿದಳು. ಎರಡು ಎಂದ. ಅವಳ ಮುಖ ಅರಳಿತು, ಎರಡು ಎಂದು ಬರೆದು ಹೋದಳು. ಹತ್ತು ಗಂಟೆಗೆ ಒಟ್ಟು ಎಂಟಾಗಿತ್ತು. ಎರಡೇ ಗಂಟೆಯಲ್ಲಿ ಮುರಿದ ಮೂಳೆ ಇಷ್ಟು ಏರುತ್ತದೆಯೇ, ಚಟವೇ ಏರಿರಬೇಕು ಎಂದು ಆರು ಕಳೆದ. ಎರಡು. ಹನ್ನೊಂದಕ್ಕೆ ಆಸ್ಪತ್ರೆಯ ನರ್ಸಮ್ಮ ಫೋನ್ ಮಾಡಿ ಕೇಳಿದಾಗಲೂ ಎರಡು. ಬೆರಳು ಜೋಮು ಹಿಡಿದಿದೆಯೇ ಎಂದದ್ದಕ್ಕೆ ಇಲ್ಲ ಎಂದ. ಹಿಡಿದಿತ್ತು. ಆದರೆ ಮಾತ್ರೆ ಬಿಟ್ಟ ದಿನಗಳಲ್ಲಿ ಮೈಯೆಲ್ಲ ಹೀಗೇ ಜುಮುಗುಡುತ್ತಿತ್ತಲ್ಲ, ಅದನ್ನೂ ಕಳೆದಿದ್ದ. ಏನಿಟ್ಟರೂ ಎರಡೇ ತೋರಿಸುವ ತಕ್ಕಡಿ ಕೆಟ್ಟಿದೆ ಎಂದು ಊರಿಗೆಲ್ಲ ಹೇಳುತ್ತಿದ್ದವನು, ತನ್ನದು ಎರಡೇ ತೋರಿಸುತ್ತಿದೆ ಎಂದು ಸಮಾಧಾನಪಟ್ಟುಕೊಂಡ.

ಅತ್ತೆ ಎಲ್ಲ ನೋಡುತ್ತಿದ್ದರು. ಅಳಿಯ ಕೂರುವುದು, ಏಳುವುದು, ಹಣೆಯ ಬೆವರು ಎಡ ತೋಳಿಗೆ ಒರೆಸಿಕೊಳ್ಳುವುದು, ದವಡೆ ಕಚ್ಚಿಕೊಂಡು ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ಅಲೆಯುವುದು. ಈ ರೂಪ ಅವರು ಮೊದಲೂ ಕಂಡಿದ್ದರು. ಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಗಡಿಯಾರಕ್ಕೆ ಹೇಳಿದರು, ಹಳೇ ಆಟ ಮತ್ತೆ ಶುರುವಾದ ಹಾಗಿದೆ ಎಂದು. ಗ್ರಾಮಣ್ಣನಿಗೆ ಬೇಸರವಾಗಲಿಲ್ಲ, ವಿಚಿತ್ರ ಎಂದರೆ ಧೈರ್ಯವೇ ಬಂತು. ನನ್ನ ಚಟವನ್ನು ನನಗಿಂತ ಚೆನ್ನಾಗಿ ಬಲ್ಲವರು ಇವರು. ಇವರೇ ಹೀಗನ್ನುವಾಗ ಇದು ಅದೇ. ಹಲ್ಲು ಕಚ್ಚಿ ಸಂಜೆಯವರೆಗೆ ತಳ್ಳಿದರೆ ಗೆದ್ದೆ. ಅವನು ತಡೆದುಕೊಳ್ಳುತ್ತಿದ್ದದ್ದು ಬರೀ ನೋವನ್ನಲ್ಲ, ಒಂದು ವರ್ಷ ಎಂಟು ತಿಂಗಳನ್ನು. ಅದು ಕೈಜಾರಿದರೆ ಹೆಂಡತಿಯ ಮುಖ ಮತ್ತೆ ಹೇಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತು, ಆ ಮುಖವನ್ನು ಎರಡನೆಯ ಸಲ ನೋಡುವ ಶಕ್ತಿ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕರೆದರು. ಎಡಗೈಯಲ್ಲಿ ಚಮಚ ಹಿಡಿದು ಎರಡು ತುತ್ತು ತಿಂದು, ಸೇರುವುದಿಲ್ಲ ಎಂದು ಗಡಿಯಾರಕ್ಕೆ ತಿಳಿಸಿದ. ಪ್ಲಾಸ್ಟರಿನ ತುದಿಯಿಂದ ಇಣುಕುತ್ತಿದ್ದ ಬಲಗೈ ಬೆರಳುಗಳ ಮೇಲೆಲ್ಲ ಬಿಳಿ ಪುಡಿ ಅಂಟಿ ಒಣಗಿತ್ತು. ಅತ್ತೆಗೆ ಗಲೀಜು ಕಂಡರಾಗದು. ಎಷ್ಟೇ ಕೋಪವಿರಲಿ, ಊಟದ ತಟ್ಟೆಯ ಪಕ್ಕ ಇಂಥ ಬೆರಳು ಇರುವುದು ಆಕೆಗೆ ಸಹಿಸಲಾಗಲಿಲ್ಲ. ಒದ್ದೆ ಬಟ್ಟೆ ತಂದು, ಅವನ ಮುಖ ನೋಡದೆ, ಬೆರಳು ಒರೆಸಲು ಕೂತರು. ಬೆರಳುಗಳು ಬಾತು, ಮುದುಡಿಕೊಂಡಿದ್ದವು. ಸಂದಿಯ ಪುಡಿ ತೆಗೆಯಲು ಆಕೆ ನಡುಬೆರಳನ್ನು ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದರು.

ಗ್ರಾಮಣ್ಣನ ಬಾಯಿಂದ ಹೊರಟದ್ದು ಮಾತಲ್ಲ. ಎದುರು ಮನೆಯ ಬಣ್ಣದವರು ಏಣಿಯ ಮೇಲೇ ತಿರುಗಿ ನೋಡಿದರು.

ಅತ್ತೆಯ ಕೈಯಲ್ಲಿದ್ದ ಬಟ್ಟೆ ಬಿದ್ದಿತು. ಈ ಅಳಿಯ ನೋವಿನ ನಾಟಕ ಮಾಡಿದ್ದನ್ನು ಆಕೆ ಎಷ್ಟೋ ಸಲ ಕಂಡಿದ್ದರು. ನಾಟಕದಲ್ಲಿ ಮಾತು ಬಹಳ ಇರುತ್ತಿತ್ತು, ಅಮ್ಮಾ ಅಪ್ಪಾ ಎಂದು ದೇವರವರೆಗೂ ಹೋಗುತ್ತಿತ್ತು, ನಡುನಡುವೆ ಯಾರು ನೋಡುತ್ತಿದ್ದಾರೆ ಎಂದು ಕಣ್ಣು ಹೊರಳುತ್ತಿತ್ತು. ಈಗ ಅವನು ಯಾರನ್ನೂ ನೋಡುತ್ತಿರಲಿಲ್ಲ. ಬಾಯಿ ತೆರೆದೇ ಇತ್ತು, ದನಿ ನಿಂತುಹೋಗಿತ್ತು. ಎರಡು ತಿಂಗಳು ಒಬ್ಬರೇ ಹಾಸಿಗೆಯ ಮೇಲೆ ಕೂತು ಹೀಗೇ ಬಾಯಿ ತೆರೆದುಕೊಂಡಿದ್ದ ಆಕೆಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನಿಗೆ ಉಸಿರು ತಿರುಗಿದ ಮೇಲೆ ಆಕೆ ಕೇಳಿದರು. ಗಡಿಯಾರವನ್ನಲ್ಲ, ಅವನನ್ನೇ.

"ಎಷ್ಟು?"

"ಎರಡು."

"ಎರಡಕ್ಕೆ ಯಾರಾದ್ರೂ ಹೀಗೆ ಕೂಗ್ತಾರಾ?"

ಅವನು ತಲೆ ತಗ್ಗಿಸಿದ. "ಒಂಬತ್ತು ಅತ್ತೆ. ಏಳು ಕಳೆದಿದೀನಿ."

"ಯಾಕೆ ಕಳೀಬೇಕು?"

"ಅದು ಚಟದ್ದು. ಪಾತ್ರೆ ತೂಕ ಕಳೀತೀವಲ್ಲ, ಹಾಗೆ."

ಅತ್ತೆ ನಲವತ್ತು ವರ್ಷ ಗುಂಡಿ, ದಾರ, ಬಟ್ಟೆಯ ತುಂಡುಗಳನ್ನು ತೂಕಕ್ಕೆ ಕೊಂಡವರು, ಅವರಿಗೆ ಮೋಸ ಮಾಡಿ ದಕ್ಕಿಸಿಕೊಂಡ ಅಂಗಡಿಯವನು ಆ ಬೀದಿಯಲ್ಲಿ ಇರಲಿಲ್ಲ.

"ಖಾಲಿ ಪಾತ್ರೆ ಯಾವಾಗ ತೂಗಿದೆ ನೀನು?"

"ಅಂದ್ರೆ?"

"ಏಳು ಅಂತ ಹೇಗೆ ಗೊತ್ತಾಯ್ತು ನಿನಗೆ? ಕೈ ಮುರಿಯೋಕೆ ಮುಂಚೆ, ಬರೀ ಚಟ ಇದ್ದಾಗ, ಎಷ್ಟಿತ್ತು ಅಂತ ನೋಡಿದ್ಯಾ?"

ಗ್ರಾಮಣ್ಣ ನೋಡಿರಲಿಲ್ಲ. ಮೊನ್ನೆಯವರೆಗೆ, ಮಾತ್ರೆಯ ಯೋಚನೆ ಬಂದ ದಿನಗಳಲ್ಲೂ, ಕೈ ಒಂದಿಷ್ಟೂ ನೊಂದಿರಲಿಲ್ಲ. ನಾಲ್ಕು, ಆರು, ಏಳು, ಇವೆಲ್ಲ ಅವನಿಗೆ ಎಲ್ಲಿಂದ ಸಿಕ್ಕವು? ಎರಡು ಉಳಿಯಬೇಕಿತ್ತು, ಅದಕ್ಕೆ ಎಷ್ಟು ಬೇಕೋ ಅಷ್ಟು ಕಳೆದಿದ್ದ. ಗಿರಾಕಿಗೆ ಹೀಗೆ ತೂಗುವ ಅಂಗಡಿಯವನ ತಕ್ಕಡಿಯನ್ನು ಅವನಾಗಿದ್ದರೆ ಬೀದಿಗೆ ಎಸೆಯುತ್ತಿದ್ದ.

"ಅಂದಾಜು," ಎಂದ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವನಿಗೆ ಕೈ ನೋವಿಗಿಂತ ಹೆಚ್ಚು ನಾಚಿಕೆಯಾಯಿತು.

ಅಳಿಯಂದ್ರೇ ಎಂಬ ಮರ್ಯಾದೆ ಹೋಗಿ, ಅವರು ಎಂಬ ದೂರ ಹೋಗಿ, ನೀನು ಎಂಬುದು ಯಾವಾಗ ಬಂತು ಎಂದು ಇಬ್ಬರಿಗೂ ಗಮನವಿರಲಿಲ್ಲ. ಅತ್ತೆ ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. ಅವನು ಹೆದರಿ, ಮಾತ್ರೆ ಬೇಡ ಅತ್ತೆ ಎಂದ.

"ಮಾತ್ರೆ ಯಾರು ಕೊಡ್ತಿದಾರೆ ನಿನಗೆ? ಚಪ್ಪಲಿ ಹಾಕ್ಕೋ, ನಡಿ."

ಟ್ಯಾಕ್ಸಿಯಲ್ಲಿ ಕೂತಾಗ ಅವನಿಗೆ ಮತ್ತೆ ಅನುಮಾನ. ಆಸ್ಪತ್ರೆಗೆ ಹೋಗಲು ಒಪ್ಪಿದ್ದು ಕೈಗಾಗಿಯೋ, ಅಲ್ಲಿ ಕೊಡಬಹುದಾದ ಇಂಜೆಕ್ಷನ್ನಿಗಾಗಿಯೋ? ಒಳಗೊಳಗೆ ಒಂದು ಖುಷಿಯೂ ಇತ್ತೇ? ಇತ್ತು ಅನಿಸಿತು. ಇಲ್ಲ ಅನಿಸಿತು. ಪ್ರತಿ ಉಬ್ಬಿನ ಮೇಲೂ ಟ್ಯಾಕ್ಸಿ ಎಗರಿದಾಗ ಯೋಚನೆ ಕಡಿದುಹೋಗಿ ಬರೀ ಕೈ ಉಳಿಯುತ್ತಿತ್ತು.

ಡಾಕ್ಟರಮ್ಮ ಆಪರೇಷನ್ ಕೋಣೆಯಲ್ಲಿದ್ದರು. ಪಾಳಿಯಲ್ಲಿದ್ದವರು ಹೊಸದಾಗಿ ಕೆಲಸಕ್ಕೆ ಸೇರಿದ ಕಿರಿಯ ಡಾಕ್ಟರು. ಫೈಲು ತೆರೆದರು. ಕೆಂಪು ಶಾಯಿ ಓದಿದರು. ಬೆಳಗ್ಗಿನ ಫೋನಿನ ಟಿಪ್ಪಣಿ ಓದಿದರು. ಹನ್ನೊಂದು ಗಂಟೆಗೆ ಎರಡು, ಒಂದೂವರೆಗೆ ಒಂಬತ್ತು. ಅವರ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಯಾವ ಮಾತ್ರೆ ಬೇಕು ಅಂತ ಬಂದಿದೀರಿ ಎಂದು ಕೇಳಿದರು. ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ, ದಿನಾ ನಾಲ್ಕು ಜನರಿಗೆ ಕೇಳುವ ಪ್ರಶ್ನೆಯನ್ನು ಐದನೆಯವನಿಗೂ ಕೇಳಿದರು ಅಷ್ಟೇ. ಹೊರಗೆ ಕೂತಿರಿ, ಡಾಕ್ಟರಮ್ಮ ಬರುವವರೆಗೆ ಕಾಯಿರಿ ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಗ್ರಾಮಣ್ಣ. ಅವನಿಗೆ ಆ ಕಿರಿಯ ಡಾಕ್ಟರೇ ಸರಿ ಅನ್ನಿಸಿಬಿಟ್ಟಿತು. ಓದಿದವರು, ಮುಖ ನೋಡಿಯೇ ಹೇಳುತ್ತಾರೆ. ಅತ್ತೆಯ ಕಡೆ ತಿರುಗಿ, ಈಗ ಸ್ವಲ್ಪ ಕಡಿಮೆಯಾಗಿದೆ, ಮನೆಗೆ ಹೋಗೋಣ ಎಂದ. ಹೇಳುವಾಗ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಅತ್ತೆ ಕದಲಲಿಲ್ಲ. ಚೀಲ ತೆರೆದರು, ಡಬ್ಬಿ ತೆರೆದರು. ಬಣ್ಣಬಣ್ಣದ ಗುಂಡಿಗಳ ನಡುವಿನಿಂದ ನಾಲ್ಕು ಬಿಳಿ ಮಾತ್ರೆ ಆರಿಸಿ ಡಾಕ್ಟರ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ನಾಲ್ಕು ಕೊಟ್ಟಿದ್ರಿ, ನಾಲ್ಕೂ ಇವೆ. ಒಂದೂ ಕೇಳಿಲ್ಲ ಇವನು. ನೋಡಿ ಸ್ವಾಮಿ, ಇವನು ಕಳ್ಳ. ನನ್ನ ಮೊಣಕಾಲಿನ ಮಾತ್ರೆ ಎರಡು ತಿಂಗಳು ಕದ್ದು ತಿಂದವನು. ಇವನ ಸುಳ್ಳು ನನಗೆ ಗೊತ್ತಿರೋಷ್ಟು ನಿಮಗೆ ಗೊತ್ತಿಲ್ಲ. ಸುಳ್ಳು ಹೇಳಿದ್ದು ಬೆಳಗ್ಗೆ. ಈಗಿಂದು ಸುಳ್ಳಲ್ಲ. ಆ ಬೆರಳು ಒಂದು ಸಲ ನೆಟ್ಟಗೆ ಮಾಡಿ ನೋಡಿ, ಆಮೇಲೆ ಕಾಯಿಸಿ."

ಕಳ್ಳ ಎಂದು ಕರೆಸಿಕೊಂಡು ಯಾರಿಗಾದರೂ ಎದೆ ತುಂಬಿ ಬಂದೀತೇ? ಗ್ರಾಮಣ್ಣನಿಗೆ ಬಂತು. ಕಿರಿಯ ಡಾಕ್ಟರು ಮಾತ್ರೆಗಳನ್ನು ನೋಡಿದರು, ಮುದುಕಿಯನ್ನು ನೋಡಿದರು, ಎದ್ದು ಬಂದು ನಡುಬೆರಳನ್ನು ಹಿಡಿದರು. ಒಂದೇ ಕೂಗಿಗೆ ಅವರ ಹುಬ್ಬು ಕೆಳಗಿಳಿಯಿತು. ಬೆರಳಿನ ಉಗುರು ಒತ್ತಿದರು, ಬಣ್ಣ ತಿರುಗಲು ಎಷ್ಟು ಹೊತ್ತಾಯಿತೆಂದು ನೋಡಿದರು, ಮತ್ತೊಂದು ಮಾತಿಲ್ಲದೆ ಫೋನಿಗೆ ಓಡಿದರು.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಡಾಕ್ಟರಮ್ಮ ತೊಟ್ಟಿದ್ದ ಹಸಿರು ಬಟ್ಟೆಯಲ್ಲೇ ಬಂದರು. ಗರಗಸದ ಯಂತ್ರ ಗಿರ್ರೆಂದು ಪ್ಲಾಸ್ಟರನ್ನು ಉದ್ದಕ್ಕೆ ಸೀಳಿತು. ಒಳಗಿನ ಕೈ ಕಂಠಮಟ್ಟ ತುಂಬಿ ಹೊಲಿದ ಹಿಟ್ಟಿನ ಮೂಟೆಯ ಹಾಗೆ ಬಿಗಿದುಕೊಂಡಿತ್ತು. ಒಳಗೆ ಬಾವು ಏರಿ, ರಕ್ತ ಓಡಾಡಲು ಜಾಗವೇ ಇಲ್ಲದೆ ಮಾಂಸ ಉಸಿರುಗಟ್ಟುತ್ತಿದೆ, ಈಗಲೇ ಚರ್ಮ ಕೊಯ್ದು ಒತ್ತಡ ಇಳಿಸಬೇಕು ಎಂದರು. ಸಂಜೆಯವರೆಗೆ ತಡೆದುಕೊಂಡಿದ್ದರೆ ಕೈ ಇರುತ್ತಿತ್ತು, ಬೆರಳು ಆಡುತ್ತಿರಲಿಲ್ಲ ಎಂದೂ ಹೇಳಿದರು. ಸಂಜೆಯವರೆಗೆ ತಡೆದುಕೊಂಡರೆ ಗೆದ್ದೆ ಎಂದು ತಾನು ಹಾಕಿದ್ದ ಲೆಕ್ಕ ಗ್ರಾಮಣ್ಣನಿಗೆ ನೆನಪಾಯಿತು. ಕಳೆಯುವುದು ಕೂಡಿಸುವುದು ನನ್ನ ಕೆಲಸ, ನೀವು ಬಂದದ್ದನ್ನು ಬಂದ ಹಾಗೆ ಹೇಳಿ ಸಾಕು ಎಂದು ಡಾಕ್ಟರಮ್ಮ ಗದರಿದರು. ಅಷ್ಟರಲ್ಲಿ ಗಾಲಿ ಮಂಚ ಓಡತೊಡಗಿತ್ತು.

ಮರುದಿನ ಮಧ್ಯಾಹ್ನ ಅವನು ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿದ್ದ. ಕೈಗೆ ಬಟ್ಟೆಯ ದೊಡ್ಡ ಸುತ್ತು. ಅಲುಗಿಸಿ ಎಂದಾಗ ಹೆಬ್ಬೆರಳು ಅಲುಗಿತು, ತೋರುಬೆರಳು ಅಲುಗಿತು, ಉಳಿದ ಮೂರು ಸೋಮಾರಿಗಳ ಹಾಗೆ ತಡವಾಗಿ ಅಲುಗಿದವು. ಹೆಂಡತಿ ಆ ಒಂದೊಂದು ಬೆರಳಿಗೂ ಅತ್ತು, ಬಟ್ಟೆಬರೆ ತರಲು ಮನೆಗೆ ಹೋಗಿದ್ದಳು. ನರಕ್ಕೆ ಬಿಡುತ್ತಿದ್ದ ನೋವಿನ ಔಷಧ ನಿಲ್ಲಿಸಿದ್ದರು. ಇನ್ನು ಮೂರು ದಿನ ಬಲ ಕಡಿಮೆಯ ಮಾತ್ರೆ, ಹೊತ್ತಿಗೊಂದು, ನರ್ಸಮ್ಮನೇ ಕೊಡಬೇಕು, ನಾಲ್ಕನೆಯ ದಿನ ಬಂದ್ ಎಂದು ಡಾಕ್ಟರಮ್ಮ ಬರೆದಿದ್ದರು. ಚಟ ಬಿಡಿಸುವ ಕೇಂದ್ರಕ್ಕೂ ಫೋನ್ ಮಾಡಿ ತಿಳಿಸಿದ್ದರು.

ನರ್ಸಮ್ಮ ಮಾತ್ರೆಯ ತಟ್ಟೆ ಹಿಡಿದು ಬಂದು ಕೇಳಿದರು, ನೋವು ಎಷ್ಟು?

ಗ್ರಾಮಣ್ಣ ಕಣ್ಣು ಮುಚ್ಚಿ ಒಳಗೆ ನೋಡಿದ. ನೋವಿತ್ತು. ಅದರ ಪಕ್ಕದಲ್ಲೇ, ಅದರ ಹೆಗಲ ಮೇಲೆ ಕೈ ಹಾಕಿಕೊಂಡು, ಆಸೆಯೂ ಇತ್ತು. ಎರಡಕ್ಕೂ ಒಂದೇ ಮುಖ.

"ಆರೋ ಏಳೋ. ಅದರಲ್ಲಿ ನೋವು ಎಷ್ಟು, ಆಸೆ ಎಷ್ಟು, ನನಗೆ ಗೊತ್ತಾಗ್ತಿಲ್ಲ ಸಿಸ್ಟರ್."

ನರ್ಸಮ್ಮ ಗೊತ್ತಾಗುತ್ತಿಲ್ಲ ಎಂಬುದನ್ನೂ ಹಾಳೆಯ ಮೇಲೆ ಹಾಗೇ ಬರೆದುಕೊಂಡರು. ಮಾತ್ರೆಯನ್ನು ಅವನ ಎಡ ಅಂಗೈಯಲ್ಲಿ ಇಟ್ಟರು. ಚಿಕ್ಕದು, ಬಿಳಿಯದು, ನಡುವೆ ಒಂದು ಗೆರೆ. ಅವನು ಅದನ್ನೇ ನೋಡುತ್ತ ಕೂತ. ಒಂದು ವರ್ಷ ಎಂಟು ತಿಂಗಳು ಈಗ ಮುಗಿಯಿತೋ, ಮುಂದುವರಿಯಿತೋ? ಯಾರನ್ನು ಕೇಳುವುದು? ಮಂಚದ ಪಕ್ಕದ ಕುರ್ಚಿಯಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು, ನಿನ್ನೆಯಿಂದ ಎದ್ದು ಹೋಗಿರಲಿಲ್ಲ.

"ಅತ್ತೆ, ನನ್ನ ಮೇಲೆ ನಂಬಿಕೆ ಇದೆಯಾ ನಿಮಗೆ?"

"ಇಲ್ಲ," ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದ್ದಿದ್ರೆ ಮನೆಗೆ ಹೋಗಿ ಮಲಗ್ತಿದ್ದೆ. ಇಲ್ಲ, ಅದಕ್ಕೇ ಕೂತಿದೀನಿ. ನುಂಗು."

ಅವನು ನುಂಗಿದ. ಕೇಂದ್ರದಲ್ಲಿ ಮಾಡಿಸುತ್ತಿದ್ದ ಹಾಗೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಎರಡೂ ಕಡೆ ನೋಡಿ, ತಲೆ ಆಡಿಸಿದರು.

ಅರ್ಧ ಗಂಟೆಯಾಗಿರಬೇಕು. ಕೈಯ ನೋವು ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು. ಅದು ಬಿಟ್ಟ ಜಾಗಕ್ಕೆ ಬೆಚ್ಚಗೆ ಇನ್ನೇನೋ ಬಂತು, ಕುತ್ತಿಗೆಯ ಹಿಂಭಾಗದಿಂದ ಇಳಿದು ಮೈಯೆಲ್ಲ ಹರಡಿತು. ಅವನಿಗೆ ಅದರ ಪರಿಚಯವಿತ್ತು. ಇದು ನೋವು ಹೋದದ್ದರ ಸುಖವೋ, ಆ ಹಳೆಯ ಸುಖವೋ? ಮೊದಲಾಗಿದ್ದರೆ ಮಗ್ಗುಲು ತಿರುಗಿ, ಕಣ್ಣು ಮುಚ್ಚಿ, ಯಾರಿಗೂ ಕಾಣದ ಹಾಗೆ ಅದನ್ನು ಅನುಭವಿಸುತ್ತಿದ್ದ. ಈಗಲೂ ಮುಖ ಗೋಡೆಯ ಕಡೆ ಹೊರಳತೊಡಗಿತ್ತು. ಅವನು ಅದನ್ನು ಬಲವಂತವಾಗಿ ಈ ಕಡೆ ತಿರುಗಿಸಿಕೊಂಡ.

"ಅತ್ತೆ, ಹಿತವಾಗ್ತಿದೆ."

"ಆಗ್ಲಿ."

"ಭಯ ಆಗ್ತಿದೆ."

"ಅದೂ ಆಗ್ಲಿ." ಆಕೆ ಕುರ್ಚಿಯನ್ನು ಮಂಚಕ್ಕೆ ತಾಗುವಷ್ಟು ಹತ್ತಿರ ಎಳೆದುಕೊಂಡರು. "ನಿಲ್ಲಿಸ್ಬೇಡ. ಇನ್ನೂ ಏನೇನಾಗ್ತಿದೆಯೋ ಎಲ್ಲಾ ಹೇಳ್ತಾ ಹೋಗು, ನಾನು ಕೇಳ್ತಿರ್ತೀನಿ."

ಅವನು ಹೇಳತೊಡಗಿದ.